ಪಾರ್ಕಿನಲ್ಲಿ ಸಿಕ್ಕ ಹಳೇ ನಾಣ್ಯವನ್ನು ಯಾರಿಗೆ ಕೊಡಬೇಕು? ಪುರಾತತ್ವ ಇಲಾಖೆಗೆ ಒಂದು ಬಹಿರಂಗ ಪತ್ರ

ಗೆ,
ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಆಯುಕ್ತರು,
ಹಾಗೂ ಎಲ್ಲಾ ಜಿಲ್ಲೆಗಳ ಜಿಲ್ಲಾಧಿಕಾರಿಗಳು.

ಮಾನ್ಯರೇ,

ನಾನು ಚಿತ್ರದುರ್ಗದ ಕಡೆಯವನು. ಕೆಲಸಕ್ಕೆಂದು ಇಂಗ್ಲೆಂಡಿಗೆ ಬಂದು ಇಲ್ಲೇ ಉಳಿದುಕೊಂಡಿದ್ದೇನೆ. ನನಗೊಂದು ಹವ್ಯಾಸ ಇದೆ. ಮೆಟಲ್ ಡಿಟೆಕ್ಟರ್ ಹಿಡಿದು, ರೈತರ ಒಪ್ಪಿಗೆ ತಗೊಂಡು, ಕೊಯ್ಲಾದ ಹೊಲಗಳಲ್ಲಿ ಹಳೇ ನಾಣ್ಯ ಹುಡುಕುವುದು. ಹೆಂಡತಿ ಇದಕ್ಕೆ ಹುಚ್ಚು ಅನ್ನುತ್ತಾಳೆ, ಇರಲಿ. ಇದನ್ನು ಮೊದಲೇ ಹೇಳುವುದು ಯಾಕೆಂದರೆ, ಈ ಪತ್ರ ಆ ಯಂತ್ರವನ್ನು ಕಂಡರೆ ಆಗದವನು ಬರೆದದ್ದಲ್ಲ. ಆ ಯಂತ್ರದ ರುಚಿ ಗೊತ್ತಿದ್ದವನೇ ಬರೆದದ್ದು. ಅದು ನಮ್ಮೂರಿನ ಪಾರ್ಕುಗಳಿಗೂ ಬಂದಿದೆ, ಮತ್ತು ಅದರ ಜೊತೆಗೆ ಬರಬೇಕಾದ ವ್ಯವಸ್ಥೆ ಮಾತ್ರ ಬಂದಿಲ್ಲ ಅನ್ನುವುದೇ ನನ್ನ ದೂರು.

ಹೋದ ಸಲ ರಜೆಗೆ ಬಂದಾಗ ಕಂಡದ್ದನ್ನು ಹೇಳುತ್ತೇನೆ. ಊರಿನ ಹೆಸರು ಬೇಡ, ಅಲ್ಲಿನ ಯಾರಿಗೂ ತೊಂದರೆ ಆಗುವುದು ನನಗೆ ಇಷ್ಟವಿಲ್ಲ. ಕೆರೆ ಏರಿಯ ಕೆಳಗೆ ಒಂದು ಪಾರ್ಕ್ ಇದೆ. ಹಿಂದೆ ಅಲ್ಲಿ ಸಂತೆ ನಡೆಯುತ್ತಿತ್ತು ಅಂತ ಹಿರಿಯರು ಹೇಳುತ್ತಾರೆ. ಮೂಲೆಯಲ್ಲಿ ಕಲ್ಲಿನ ಮಂಟಪ, ಪಕ್ಕದಲ್ಲಿ ಎರಡು ವೀರಗಲ್ಲು. ಬೆಳಗ್ಗೆ ವಾಕಿಂಗಿಗೆ ಹೋದರೆ ಇಬ್ಬರು ಹುಡುಗರು ಡಿಟೆಕ್ಟರ್ ಆಡಿಸುತ್ತಾ ಇದ್ದರು. ಆನ್‌ಲೈನಿನಲ್ಲಿ ತರಿಸಿದ ಅಗ್ಗದ ಮಾಡೆಲ್. ಕೈಯಲ್ಲಿ ಪಿಕಾಸಿ. ಯಂತ್ರ ಕುಂಯ್ ಅಂದ ಕಡೆಯೆಲ್ಲ ಅಗೆಯುವುದು, ಗುಂಡಿ ಹಾಗೇ ಬಿಟ್ಟು ಮುಂದಕ್ಕೆ ಹೋಗುವುದು. ಪಾರ್ಕಿನ ವಾಚ್‌ಮನ್ ತಡೆಯಲಿಲ್ಲ. ಪಕ್ಕದಲ್ಲೇ ನಿಂತುಕೊಂಡು, "ಚಿನ್ನ ಏನಾದ್ರೂ ಸಿಕ್ತೇನ್ರೋ" ಅಂತ ಕೇಳುತ್ತಿದ್ದರು.

ಸಿಕ್ಕಿದ್ದೇನು ಅಂದರೆ ಸೋಡಾ ಬಾಟಲಿಯ ಮುಚ್ಚಳ, ಮೊಳೆ, ಸಿಗರೇಟ್ ಪ್ಯಾಕಿನ ಹಾಳೆ, 1943ರಿಂದ 47ರವರೆಗೆ ಬ್ರಿಟಿಷರು ಹೊಡೆಸಿದ ಮಧ್ಯೆ ತೂತಿರುವ ಒಂದು ಕಾಸು. ಆಮೇಲೆ ದಪ್ಪನೆಯ ಒಂದು ತಾಮ್ರದ ನಾಣ್ಯ. ಒಂದು ಮಗ್ಗುಲಲ್ಲಿ ಆನೆ ಇದ್ದ ಹಾಗೆ ಕಂಡಿತು. ಟಿಪ್ಪುವಿನ ಕಾಲದ ಪೈಸೆ ಇರಬಹುದು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕಾಸೂ ಇರಬಹುದು, ಎರಡರಲ್ಲೂ ಆನೆ ಇದೆ. ಒಡೆಯರದ್ದಾದರೆ ಆನೆಯ ಮೇಲೆ ಸೂರ್ಯ ಚಂದ್ರ, 'ಶ್ರೀ' ಇರುತ್ತದೆ. ಮಣ್ಣು ಮೆತ್ತಿಕೊಂಡಿದ್ದರಿಂದ ಗೊತ್ತಾಗಲಿಲ್ಲ. ಹುಡುಗ ನೀರಿನ ಬಾಟಲಿ ತೆಗೆದು, ಮರಳು ಹಾಕಿ, ಗಸಗಸ ತಿಕ್ಕಿದ. "ಮನೇಲಿ ಹುಣಸೆಹಣ್ಣು ಹಾಕಿ ತಿಕ್ಕಿದ್ರೆ ಫಳಫಳ ಅನ್ನುತ್ತೆ ಅಣ್ಣಾ" ಅಂದ. ನನ್ನ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಇನ್ನೂರು ವರ್ಷ ಮಣ್ಣಿನಲ್ಲಿದ್ದ ತಾಮ್ರದ ಮೇಲೆ ಒಂದು ಪದರ ಕಟ್ಟಿರುತ್ತದೆ, ಅಕ್ಷರದ ಅಂಚು ಉಳಿದಿರುವುದೇ ಆ ಪದರದಲ್ಲಿ. ಹುಣಸೆಯ ಹುಳಿ ಮೊದಲು ತಿನ್ನುವುದು ಅದನ್ನೇ.

"ಇದನ್ನ ಆಫೀಸಿಗೆ ಕೊಟ್ಟುಬಿಡ್ರಪ್ಪಾ" ಅಂದೆ. ಇಬ್ಬರೂ ನಕ್ಕರು. "ಕೊಟ್ರೆ ನಮ್ ಮೇಲೇ ಕೇಸ್ ಹಾಕ್ತಾರೆ ಅಣ್ಣಾ. ಉಳಿದ ಚಿನ್ನ ಎಲ್ಲಿ ಅಂತ ಸ್ಟೇಷನ್ನಲ್ಲಿ ಕೂರಿಸ್ತಾರೆ." ಫೋಟೋ ಆಗಲೇ ಯಾವುದೋ ವಾಟ್ಸಾಪ್ ಗುಂಪಿಗೆ ಹೋಗಿತ್ತು, ಯಾರೋ ಎರಡು ಸಾವಿರ ಕೊಡುತ್ತೇನೆ ಅಂದಿದ್ದರಂತೆ.

ಅವರ ಮಾತು ಸುಳ್ಳು ಅಂತ ತೋರಿಸಬೇಕು ಅನ್ನಿಸಿ ನಾನೇ ಒಂದು ಸರ್ಕಾರಿ ಕಚೇರಿಗೆ ಹೋದೆ. ನಾಣ್ಯ ನನ್ನ ಹತ್ತಿರ ಇರಲಿಲ್ಲ, ಸುಮ್ನೆ ಕೇಳುವುದಕ್ಕೆ. "ಸಾರ್, ಯಾರಿಗಾದರೂ ಪಾರ್ಕಿನಲ್ಲಿ ಹಳೇ ನಾಣ್ಯ ಸಿಕ್ಕಿದರೆ ಎಲ್ಲಿ ಕೊಡಬೇಕು, ಯಾವ ಫಾರಂ?" ಮೊದಲನೇ ಟೇಬಲ್ಲಿನವರು ಎರಡನೇ ಟೇಬಲ್ಲಿಗೆ ಕಳಿಸಿದರು. ಅವರು, "ಆರ್ಕಿಯಾಲಜಿಯವರನ್ನ ಕೇಳಿ" ಅಂದರು. ಅವರ ಆಫೀಸ್ ಎಲ್ಲಿ? "ಇಲ್ಲಿಲ್ಲ." ಫೋನ್ ನಂಬರ್? "ಗೊತ್ತಿಲ್ಲ." ಕೊನೆಗೆ ಒಬ್ಬರು ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ದಿಟ್ಟಿಸಿ, "ಯಾಕೆ, ನಿಮಗೆಷ್ಟು ಸಿಕ್ಕಿದೆ?" ಅಂದರು. ಹುಡುಗರ ಮಾತು ಸುಳ್ಳು ಅಂತ ತೋರಿಸಲು ಹೋದವನು ಅದು ನಿಜ ಅಂತ ತಿಳಿದುಕೊಂಡು ಬಂದೆ.

ಆ ಗುಮಾಸ್ತರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಡಬೇಕಾದವರು ನೀವು, ಅದಕ್ಕೇ ಈ ಪತ್ರ ನಿಮಗೆ.

ಕಾನೂನು ಇಲ್ಲ ಅಂತಲ್ಲ. ಬ್ರಿಟಿಷರು 1878ರಲ್ಲೇ ನಿಧಿ ಕಾಯ್ದೆ ಮಾಡಿದರು. ನಮ್ಮ ರಾಜ್ಯಕ್ಕೆ 1962ರದೇ ಒಂದು ನಿಧಿ ಕಾಯ್ದೆ ಇದೆ, ಸಿಕ್ಕ ನಿಧಿಯ ಬಗ್ಗೆ ಜಿಲ್ಲಾಧಿಕಾರಿಗೆ ತಿಳಿಸಬೇಕು. 1972ರ ಕೇಂದ್ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಅನುಮತಿ ಇಲ್ಲದೆ ಅಗೆಯುವಂತಿಲ್ಲ. ಕಾಗದದ ಮೇಲೆ ಎಲ್ಲಾ ಇದೆ. ಆದರೆ ಈ ಕಾಯ್ದೆಗಳನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಹೊಲ ಉಳುವಾಗ ನೇಗಿಲಿಗೆ ತಗುಲುವ ಚಿನ್ನದ ಕೊಪ್ಪರಿಗೆ. ಭಾನುವಾರ ಬೆಳಗ್ಗೆ ಪಾರ್ಕಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ನಿಂತ ಹುಡುಗ ಅವರ ಕಣ್ಣ ಮುಂದೆ ಇರಲಿಲ್ಲ.

1878ರ ಕಾಯ್ದೆಯನ್ನೇ ನೋಡಿ. ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯ ನಿಧಿ ಸಿಕ್ಕರೆ ಬರವಣಿಗೆಯಲ್ಲಿ ತಿಳಿಸಬೇಕು. ವಾರಸುದಾರರು ಇದ್ದರೆ ಬನ್ನಿ ಅಂತ ಕಲೆಕ್ಟರು ಪ್ರಕಟಣೆ ಹೊರಡಿಸಬೇಕು, ಅದರ ವಿಚಾರಣೆಗೆ ನಾಲ್ಕರಿಂದ ಆರು ತಿಂಗಳ ಆಚೆಗಿನ ದಿನ ಗೊತ್ತು ಮಾಡಬೇಕು. ಯಾರದ್ದೂ ಅಲ್ಲ ಅಂತಾದರೆ ಸಿಕ್ಕವನಿಗೆ ಮುಕ್ಕಾಲು, ಜಾಗದ ಯಜಮಾನನಿಗೆ ಕಾಲು. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಸರ್ಕಾರ ತಾನೇ ಇಟ್ಟುಕೊಳ್ಳುವುದಾದರೆ ಕೊಡಬೇಕಾದದ್ದು ಲೋಹದ ಬೆಲೆ, ಅದರ ಮೇಲೆ ಇನ್ನೊಂದು ಐದನೇ ಒಂದು ಭಾಗ. ಇಲ್ಲಿ ಸ್ವಲ್ಪ ನಿಲ್ಲಿ ಸ್ವಾಮಿ. ಲೋಹದ ಬೆಲೆ! ಚಿನ್ನದ ವರಾಹಕ್ಕೆ ಅದು ಸರಿಹೋಗಬಹುದು. ಸಾತವಾಹನರ ಸೀಸದ ನಾಣ್ಯಕ್ಕೆ? ಗುಜರಿಯವನು ಕೂಡ ತೂಕಕ್ಕೆ ಹಾಕಲು ಹಿಂದೆಮುಂದೆ ನೋಡುವಷ್ಟು ಸೀಸ ಅದರಲ್ಲಿರುತ್ತದೆ. ನಮ್ಮ ನಾಡಿನ ಅತಿ ಹಳೆಯ ನಾಣ್ಯಗಳಲ್ಲಿ ಬಹಳಷ್ಟು ಸೀಸದವು, ತಾಮ್ರದವು, ಮಿಶ್ರಲೋಹದವು. ಇತಿಹಾಸಕ್ಕೆ ಜಾಸ್ತಿ ಬೇಕಾದದ್ದಕ್ಕೇ ಕಡಿಮೆ ಬೆಲೆ ಅಂದ ಹಾಗಾಯಿತು. ರಾಜ್ಯದ ಕಾಯ್ದೆಯಲ್ಲಿ ಈಗ ಸಿಕ್ಕವನ ಪಾಲು ಹೇಗೆ ಲೆಕ್ಕ ಹಾಕುತ್ತಾರೆ ಅಂತ ಒಂದು ಪುಟ ಸರಳ ಕನ್ನಡದಲ್ಲಿ ಬರೆದು ಎಲ್ಲಾ ಕಚೇರಿಗಳ ಗೋಡೆಗೆ ಯಾಕೆ ಅಂಟಿಸಬಾರದು? ನಾನು ಹೋದ ಕಚೇರಿಯ ಗೋಡೆಯ ಮೇಲೆ ಡೆಂಗಿ ಸೊಳ್ಳೆಯ ಪೋಸ್ಟರ್ ಬಿಟ್ಟರೆ ಬೇರೇನೂ ಇರಲಿಲ್ಲ.

ಒಂದು ತಾಮ್ರದ ಕಾಸಿಗೆ ಇಷ್ಟೆಲ್ಲ ಯಾಕೆ ಅಂತ ಕೇಳುವವರಿಗೆ ನಮ್ಮ ದುರ್ಗದ ಚಂದ್ರವಳ್ಳಿಯನ್ನೇ ತೋರಿಸುತ್ತೇನೆ. ಇವತ್ತು ಅದು ಜನ ವಾಕಿಂಗಿಗೆ, ಬುತ್ತಿ ಕಟ್ಟಿಕೊಂಡು ಮಕ್ಕಳ ಜೊತೆ ಸುತ್ತಾಡುವುದಕ್ಕೆ ಹೋಗುವ ತೋಟ, ಕೆರೆ. ಅದೇ ಜಾಗದಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು 1929ರ ಸುಮಾರಿಗೆ ಅಗೆಸಿದರು, ಕದಂಬರ ಮಯೂರಶರ್ಮನ ಶಾಸನವನ್ನು ಓದಿದರು. 1947ರಲ್ಲಿ ಆಗಿನ ಭಾರತೀಯ ಪುರಾತತ್ವ ಇಲಾಖೆಯ ಮುಖ್ಯಸ್ಥ ಮಾರ್ಟಿಮರ್ ವೀಲರ್ ನಮ್ಮ ಜಿಲ್ಲೆಯದೇ ಆದ ಬ್ರಹ್ಮಗಿರಿಯ ಜೊತೆಗೆ ಚಂದ್ರವಳ್ಳಿಯನ್ನೂ ಅಗೆಸಿದರು. ಅಲ್ಲಿ ಸಾತವಾಹನರ ಕಾಲದ ನಾಣ್ಯಗಳು ಸಿಕ್ಕವು. ಅವುಗಳ ಜೊತೆಗೆ ರೋಮಿನ ಅಗಸ್ಟಸ್, ಟೈಬೀರಿಯಸ್ ದೊರೆಗಳ ಬೆಳ್ಳಿ ನಾಣ್ಯಗಳೂ ಸಿಕ್ಕವು. ಟೈಬೀರಿಯಸ್ ಪಟ್ಟಕ್ಕೆ ಬಂದದ್ದು ಕ್ರಿ.ಶ. 14ರಲ್ಲಿ. ಅವನ ನಾಣ್ಯ ಮಣ್ಣಿನ ಒಂದು ಪದರದಲ್ಲಿ ಸಿಕ್ಕಿದರೆ, ಆ ಪದರ ಅದಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಅದೇ ಪದರದ ಮಡಕೆ ಚೂರಿಗೂ ಆಗ ಒಂದು ಕಾಲ ಸಿಕ್ಕಿತು. ಅಂಥದೇ ಮಡಕೆ ಬೇರೆ ಊರಿನಲ್ಲಿ ಸಿಕ್ಕಿದರೆ ಆ ಊರಿನ ವಯಸ್ಸೂ ಅಂದಾಜಿಗೆ ಬಂತು. ಆ ನಾಣ್ಯವನ್ನು ಯಾರಾದರೂ ಡಿಟೆಕ್ಟರ್ ಹಿಡಿದು ಎತ್ತಿಕೊಂಡು ಹೋಗಿ, ತಿಕ್ಕಿ ತೊಳೆದು, ಬೆಂಗಳೂರಿನ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ? ಒಂದು ರೋಮನ್ ನಾಣ್ಯ, ಇಷ್ಟು ರೂಪಾಯಿ. ಅಷ್ಟೇ. ಸಿಕ್ಕ ಜಾಗ ಗೊತ್ತಿಲ್ಲದ ನಾಣ್ಯ ವಿಳಾಸ ಹರಿದುಹೋದ ಕಾಗದದ ಹಾಗೆ, ಯಾರು ಯಾರಿಗೆ ಬರೆದದ್ದು ಅಂತ ಆಮೇಲೆ ಯಾರೂ ಹೇಳಲಾರರು.

ಬೆಂಗಳೂರಿನವರು ಇದು ಹಳ್ಳಿ ಕಡೆಯ ವಿಚಾರ ಅಂದುಕೊಳ್ಳುವುದು ಬೇಡ. ಯಶವಂತಪುರದಲ್ಲಿ 1891ರಲ್ಲಿ ರೈಲಿನ ಕೆಲಸಕ್ಕೆ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕಿವೆ. ಎಚ್‌ಎಎಲ್ ಹತ್ತಿರ 1965ರಲ್ಲಿ 256 ಸಿಕ್ಕಿವೆ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಚಿನ್ನದ ರೋಮನ್ ನಾಣ್ಯಗಳೇ ಸಿಕ್ಕಿವೆ. ಇವೆಲ್ಲ ಲೆಕ್ಕಕ್ಕೆ ಸಿಕ್ಕವು. ಲೆಕ್ಕಕ್ಕೆ ಸಿಗದೆ ಕರಗಿಹೋದವು ಎಷ್ಟೋ.

ಈಗ ನಾನಿರುವ ಕಡೆಯ ಕಥೆ. ಇಂಗ್ಲೆಂಡಿನಲ್ಲಿ ಪಾರ್ಕ್ ಅಂದರೆ ಸಾಮಾನ್ಯವಾಗಿ ಅದು ಕೌನ್ಸಿಲ್ಲಿನ, ಅಂದರೆ ಸ್ಥಳೀಯ ಆಡಳಿತದ ಜಾಗ. ಅನುಮತಿ ಇಲ್ಲದೆ ಡಿಟೆಕ್ಟರ್ ಆಡಿಸುವಂತಿಲ್ಲ, ಕೇಳಿದರೂ ಬಹಳ ಕೌನ್ಸಿಲ್ಲುಗಳು ಕೊಡುವುದಿಲ್ಲ. ನಮ್ಮ ಕೌನ್ಸಿಲ್ಲೂ ಕೊಡಲಿಲ್ಲ. ಲಂಡನ್ನಿನ ರಾಯಲ್ ಪಾರ್ಕುಗಳಲ್ಲಿ ಪೂರ್ತಿ ನಿಷೇಧ. ಸಂರಕ್ಷಿತ ಸ್ಥಳದಲ್ಲಿ ಅನುಮತಿ ಇಲ್ಲದೆ ಯಂತ್ರ ಬಳಸಿದರೆ 1979ರ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕೇ ನಾವು ರೈತರ ಹೊಲಕ್ಕೆ ಹೋಗುವುದು, ಅದೂ ಬರವಣಿಗೆಯಲ್ಲಿ ಒಪ್ಪಿಗೆ ತಗೊಂಡು. ಅಂದರೆ ಇಲ್ಲಿ ಯಾರು ಬೇಕಾದರೂ ಎಲ್ಲಿ ಬೇಕಾದರೂ ಅಗೆಯಬಹುದು ಅಂತ ನಮ್ಮ ಯೂಟ್ಯೂಬ್ ಹುಡುಗರು ತಿಳಿದಿರುವುದು ತಪ್ಪು.

ಆದರೆ ಸಿಕ್ಕಿದ ಮೇಲೆ ಏನು ಮಾಡಬೇಕು ಅನ್ನುವುದು ಇಲ್ಲಿ ಶಾಲೆಯ ಹುಡುಗನಿಗೂ ಗೊತ್ತಾಗುವ ಹಾಗಿದೆ. 1996ರ ನಿಧಿ ಕಾಯ್ದೆ ಪ್ರಕಾರ, ಮುನ್ನೂರು ವರ್ಷ ದಾಟಿದ ಚಿನ್ನ ಬೆಳ್ಳಿಯ ನಾಣ್ಯ ಒಂದೇ ಕಡೆ ಎರಡೋ ಜಾಸ್ತಿಯೋ ಸಿಕ್ಕರೆ ಅದು ನಿಧಿ. ತಾಮ್ರ, ಕಂಚಿನಂಥ ನಾಣ್ಯವಾದರೆ ಹತ್ತು ಸಿಗಬೇಕು. ಹದಿನಾಲ್ಕು ದಿನದೊಳಗೆ ತಿಳಿಸಬೇಕು. ಮ್ಯೂಸಿಯಂ ತಗೊಂಡರೆ ತಜ್ಞರ ಸಮಿತಿ ಮಾರುಕಟ್ಟೆ ಬೆಲೆ ಕಟ್ಟುತ್ತದೆ, ಸಾಮಾನ್ಯವಾಗಿ ಸಿಕ್ಕವನಿಗೂ ಜಾಗದವನಿಗೂ ಅರ್ಧ ಅರ್ಧ. ನಿಧಿ ಅಲ್ಲದ ಒಂಟಿ ನಾಣ್ಯವನ್ನು ದಾಖಲೆ ಮಾಡಿಕೊಳ್ಳುವುದಕ್ಕೆ ಬೇರೊಂದು ವ್ಯವಸ್ಥೆ ಇದೆ, 1997ರಲ್ಲಿ ಶುರುವಾದದ್ದು, ಬ್ರಿಟಿಷ್ ಮ್ಯೂಸಿಯಂ ನಡೆಸುತ್ತದೆ. ಒಂದೊಂದು ಪ್ರದೇಶಕ್ಕೆ ಒಬ್ಬ ಅಧಿಕಾರಿ. (ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ನಮ್ಮ ದೇಶದ್ದು ಎಷ್ಟಿದೆ, ಅದು ಅಲ್ಲಿಗೆ ಹೇಗೆ ಹೋಯಿತು ಅಂತ ನನಗೂ ಗೊತ್ತು. ಅದು ಬೇರೆ ಜಗಳ.) ನಾನು ಒಂದು ಸಲ ಉಗುರಿನಷ್ಟು ಅಗಲದ, ಸವೆದುಹೋದ ರೋಮನ್ ಕಂಚಿನ ನಾಣ್ಯ ತೆಗೆದುಕೊಂಡು ಹೋಗಿದ್ದೆ. ಇಂಥವು ಇಲ್ಲಿ ಮಣ್ಣಿನಷ್ಟೇ ಸಾಮಾನ್ಯ. ಆದರೂ ನಮ್ಮ ಕಡೆಯ ಅಧಿಕಾರಿ, ಒಬ್ಬ ಹೆಣ್ಣುಮಗಳು, ಅದನ್ನು ತೂಗಿದರು, ಅಳೆದರು, ಎರಡೂ ಮಗ್ಗುಲು ಫೋಟೋ ತೆಗೆದರು, ಹೊಲದಲ್ಲಿ ಯಾವ ಕಡೆ ಅಂತ ನಕ್ಷೆಯಲ್ಲಿ ಗುರುತು ಹಾಕಿಸಿಕೊಂಡರು. ರಸೀದಿ ಕೊಟ್ಟರು. ಕೆಲವು ವಾರದ ಮೇಲೆ ನಾಣ್ಯವನ್ನೂ ವಾಪಸ್ ಕೊಟ್ಟರು. "ನಿನಗೆಷ್ಟು ಸಿಕ್ಕಿದೆ" ಅಂತ ಯಾರೂ ದಿಟ್ಟಿಸಲಿಲ್ಲ. ಹೀಗೆ ದಾಖಲಾದ ವಸ್ತುಗಳು ಈಗ ಹದಿನೈದು ಲಕ್ಷ ದಾಟಿವೆ. ಯಾರು ಬೇಕಾದರೂ ನೋಡಬಹುದು. ಸರಿಯಾದ ಜಾಗವನ್ನು ಮಾತ್ರ ಸಾರ್ವಜನಿಕರಿಗೆ ತೋರಿಸುವುದಿಲ್ಲ, ತೋರಿಸಿದರೆ ಮರುದಿನವೇ ಕಳ್ಳರು ಪಿಕಾಸಿ ಹಿಡಿದು ಬರುತ್ತಾರೆ ಅಂತ.

ಇದರ ಫಲ ಏನು ಅಂತ ಒಂದು ಉದಾಹರಣೆ. 2010ರಲ್ಲಿ ಸಾಮರ್ಸೆಟ್‌ನ ಫ್ರೋಮ್ ಹತ್ತಿರ ಡೇವ್ ಕ್ರಿಸ್ಪ್ ಅನ್ನುವ ಹವ್ಯಾಸಿಗೆ ಹೊಲದಲ್ಲಿ ನಾಣ್ಯ ತುಂಬಿದ ದೊಡ್ಡ ಮಡಕೆ ಸಿಕ್ಕಿತು. ಬಾಯಿ ಕಂಡ ಕೂಡಲೇ ಅವರು ಅಗೆಯುವುದು ನಿಲ್ಲಿಸಿ, ಮಣ್ಣು ಮುಚ್ಚಿ, ಅಧಿಕಾರಿಗೆ ಫೋನ್ ಮಾಡಿದರು. ಪುರಾತತ್ವದವರು ಬಂದು ಪದರ ಪದರವಾಗಿ ತೆಗೆದರು. 52,503 ರೋಮನ್ ನಾಣ್ಯ! ಯಾವ ದೊರೆಯ ನಾಣ್ಯ ಮಡಕೆಯ ಯಾವ ಎತ್ತರದಲ್ಲಿತ್ತು ಅಂತ ಗೊತ್ತಿದ್ದರಿಂದ, ಇದು ವರ್ಷ ವರ್ಷ ಕೂಡಿಟ್ಟದ್ದಲ್ಲ, ಒಂದೇ ಸಲ ತುಂಬಿದ್ದಿರಬೇಕು ಅಂತ ತಜ್ಞರು ಲೆಕ್ಕ ಹಾಕಿದರು. ಆತ ತಾನೇ ಗೋಣಿಚೀಲಕ್ಕೆ ಸುರಿದುಕೊಂಡು ಮನೆಗೆ ಹೋಗಿದ್ದರೆ ಈ ಮಾತೇ ಹುಟ್ಟುತ್ತಿರಲಿಲ್ಲ. ಆತ ದೊಡ್ಡ ಓದು ಓದಿದ ಪಂಡಿತರೇನಲ್ಲ, ಆದರೆ ಯಾರಿಗೆ ಫೋನ್ ಮಾಡಬೇಕು ಅಂತ ಅವರಿಗೆ ಗೊತ್ತಿತ್ತು.

ಹಾಗಂತ ಇಂಗ್ಲೆಂಡ್ ಸ್ವರ್ಗವೇನಲ್ಲ. 2015ರಲ್ಲಿ ಹೆರೆಫೋರ್ಡ್‌ಶೈರಿನ ಲೆಮ್‌ಸ್ಟರ್ ಹತ್ತಿರ ಇಬ್ಬರಿಗೆ ವೈಕಿಂಗ್ ಕಾಲದ ನಿಧಿ ಸಿಕ್ಕಿತು. ತಿಳಿಸದೆ ಮಾರಲು ಹೋದರು. ಸುಮಾರು ಮುನ್ನೂರು ನಾಣ್ಯ ಇದ್ದಿರಬಹುದು ಅಂತ ಅಂದಾಜು, ಪೊಲೀಸರ ಕೈಗೆ ಮೊದಲಿಗೆ ಬಂದದ್ದು ಮೂವತ್ತರ ಆಸುಪಾಸು. 2019ರಲ್ಲಿ ಒಬ್ಬನಿಗೆ ಹತ್ತು ವರ್ಷ, ಇನ್ನೊಬ್ಬನಿಗೆ ಎಂಟೂವರೆ ವರ್ಷ ಶಿಕ್ಷೆ ಕೊಟ್ಟರು. ಕೊಟ್ಟವನಿಗೆ ಮರ್ಯಾದೆ, ಮುಚ್ಚಿಟ್ಟವನಿಗೆ ಜೈಲು, ಎರಡೂ ಕೆಲಸ ಮಾಡುತ್ತವೆ. ನಮ್ಮಲ್ಲಿ ಜೈಲಿನ ಹೆದರಿಕೆ ಮಾತ್ರ ಜನಕ್ಕೆ ಗೊತ್ತು.

ಇಂಗ್ಲೆಂಡಿನದೇ ಪದ್ಧತಿ ಬೇಕು ಅಂತಲೂ ನಾನು ಹೇಳುತ್ತಿಲ್ಲ. ಪಕ್ಕದ ಸ್ಕಾಟ್ಲೆಂಡಿನಲ್ಲಿ ಲೋಹ ಯಾವುದು, ಎಷ್ಟು ಸಿಕ್ಕಿತು ಅನ್ನುವ ಲೆಕ್ಕವಿಲ್ಲದೆ ಪುರಾತನ ವಸ್ತುವನ್ನು ತಿಳಿಸಲೇಬೇಕು, ಅದರ ಮೇಲೆ ಮೊದಲ ಹಕ್ಕು ಅಲ್ಲಿನ ರಾಜಪೀಠದ್ದು (ಕ್ರೌನ್). ನಮ್ಮ ನೆಲಕ್ಕೆ ಅದೇ ಸರಿ ಅನ್ನಿಸುತ್ತದೆ ನನಗೆ. ಸ್ವತಃ ಡಿಟೆಕ್ಟರ್ ಹಿಡಿಯುವವನಾಗಿ ಹೇಳುತ್ತೇನೆ, ಕರ್ನಾಟಕದಲ್ಲಿ ಈ ಹವ್ಯಾಸಕ್ಕೆ ಈಗಲೇ ಬಾಗಿಲು ತೆರೆಯಬೇಡಿ. ಇಲ್ಲಿನ ನನ್ನ ಗೆಳೆಯರಿಗೆ ಇದು ಕೋಪ ತರಿಸಬಹುದು. ಆದರೆ ನಮ್ಮಲ್ಲಿ ಈ ಯಂತ್ರದ ಹಿಂದೆ ನಾಣ್ಯದ ಪ್ರೀತಿಗಿಂತ ನಿಧಿಯ ಆಸೆಯೇ ಜಾಸ್ತಿ. ಅಮಾವಾಸ್ಯೆ ರಾತ್ರಿ ನಂದಿಯ ಕೆಳಗೆ ಅಗೆಯುವವರು, ಲಿಂಗ ಕಿತ್ತು ಮಗ್ಗುಲಿಗೆ ಉರುಳಿಸುವವರು, ನಾಗರಕಲ್ಲು ಒಡೆಯುವವರು ನಮಗೆ ಹೊಸಬರಲ್ಲ, ವರ್ಷಕ್ಕೆ ನಾಲ್ಕಾರು ಸಲ ಪೇಪರಿನಲ್ಲಿ ಓದುತ್ತೇವೆ. ಮೊದಲು ಅವರು ಮಂತ್ರವಾದಿಯನ್ನು ಕರೆತರುತ್ತಿದ್ದರು, ಈಗ ಜೊತೆಗೆ ಡಿಟೆಕ್ಟರನ್ನೂ ತರುತ್ತಾರೆ. ಪಾಪ, ಅವರಿಗೆ ಮಾರಿದವನು ಹೇಳಿರುವುದಿಲ್ಲ: ಸಾಮಾನ್ಯ ಯಂತ್ರಕ್ಕೆ ಒಂದು ನಾಣ್ಯ ಗೇಣುದ್ದಕ್ಕಿಂತ ಕೆಳಗಿದ್ದರೆ ಕಾಣುವುದೇ ಕಷ್ಟ. ಹತ್ತು ಅಡಿ ಆಳದ ಚಿನ್ನ ತೋರಿಸುತ್ತದೆ ಅನ್ನುವ ಜಾಹೀರಾತು ಬರೀ ಟೋಪಿ. ಅದು ಹುಡುಕಿಕೊಡುವುದು ಮೇಲಿನ ಒಂದು ಗೇಣಿನ ಮಣ್ಣಿನಲ್ಲಿ ಇರುವುದನ್ನು. ಪಾರ್ಕುಗಳಲ್ಲಿ, ಕೋಟೆಯ ಬಯಲಿನಲ್ಲಿ, ಹಳೇ ಸಂತೆ ಮಾಳದಲ್ಲಿ ಉಳಿದಿರುವ ಚಿಲ್ಲರೆ ಕಾಸು ಇರುವುದೂ ಅಲ್ಲೇ. ಅಂದರೆ ನಿಧಿ ಸಿಗುವುದಿಲ್ಲ, ಜನರ ದಿನನಿತ್ಯದ ಇತಿಹಾಸ ಮಾತ್ರ ಕಳೆದುಹೋಗುತ್ತದೆ.

ಟಿಪ್ಪುವಿನ ಕಾಲದಲ್ಲಿ ಚಿತ್ರದುರ್ಗದಲ್ಲೂ ನಾಣ್ಯ ಹೊಡೆಯುವ ಟಂಕಸಾಲೆ ಇತ್ತು. ನಾಣ್ಯದ ಮೇಲೆ ಊರಿನ ಹೆಸರು ಫರ್ರುಖ್‌ಯಾಬ್ ಹಿಸಾರ್ ಅಂತ ಬರುತ್ತದೆ. ಶ್ರೀರಂಗಪಟ್ಟಣದ್ದಾದರೆ 'ಪಟ್ಟಣ', ಮಲೆನಾಡಿನ ಬಿದನೂರಿನದಾದರೆ 'ನಗರ' ಅಂತ ಇರುತ್ತದೆ. ಆ ಹುಡುಗನ ಕೈಯಲ್ಲಿದ್ದ ಕಾಸು ಯಾವ ಊರಿನದು? ಬಿದನೂರಿನ ಕಾಸು ನಮ್ಮೂರ ಸಂತೆಯಲ್ಲಿ ಬಿದ್ದಿದ್ದರೆ ಅಡಿಕೆ, ಮೆಣಸಿನ ವ್ಯಾಪಾರದ ದಾರಿಯ ಬಗ್ಗೆ ಯಾರಾದರೂ ಒಂದು ಸಾಲು ಬರೆಯಬಹುದಿತ್ತು. ಈಗ ಅದರ ಅಕ್ಷರ ಉಳಿದಿದೆಯೋ ಇಲ್ಲವೋ.

ಇನ್ನು ಡಿಟೆಕ್ಟರಿಗಿಂತ ದೊಡ್ಡ ಡಿಟೆಕ್ಟರ್ ಜೆಸಿಬಿ. ಇದನ್ನು ಹೇಳದೆ ಹುಡುಗರನ್ನು ಮಾತ್ರ ಬೈದರೆ ಅನ್ಯಾಯ. ಹಳೇ ಪೇಟೆಗಳಲ್ಲಿ ಒಳಚರಂಡಿ ಪೈಪಿಗೆ ಅಗೆಯುತ್ತಾರೆ, ಪಾರ್ಕಿಗೆ ಹೊಸ ಕಾರಂಜಿ ಅಂತ ಅಗೆಯುತ್ತಾರೆ, ಕೆರೆ ಹೂಳು ತೆಗೆದು ಹೊಲಗಳಿಗೆ ಸುರಿಯುತ್ತಾರೆ. ಆ ಮಣ್ಣಿನಲ್ಲಿ ಏನಿತ್ತು ಅಂತ ನೋಡುವವರು ಯಾರು? ನಮ್ಮೂರಿನಲ್ಲೇ ಚರಂಡಿ ಕೆಲಸದಲ್ಲಿ ಕೂಲಿಯವರಿಗೆ ಒಂದು ಸಣ್ಣ ಕುಡಿಕೆ ಸಿಕ್ಕಿತ್ತಂತೆ, ಹಂಚಿಕೊಂಡು ಬೇರೆ ಊರಿನಲ್ಲಿ ಮಾರಿದರಂತೆ. ನಾನು ಕಣ್ಣಾರೆ ಕಂಡಿಲ್ಲ, ಹೇಳಿದವರ ಮಾತು. ಆದರೆ ಅವರು ತಿಳಿಸಿದ್ದರೆ ಏನಾಗುತ್ತಿತ್ತು? ಕೆಲಸ ನಿಲ್ಲುತ್ತಿತ್ತು, ಕಂಟ್ರಾಕ್ಟರ್ ಬೈಯುತ್ತಿದ್ದ, ಕೂಲಿ ತಪ್ಪುತ್ತಿತ್ತು. ದಿನಗೂಲಿಯವರಿಂದ ಅಷ್ಟು ತ್ಯಾಗ ಕೇಳುವುದಕ್ಕೆ ನಮಗೆ ಯಾವ ಮುಖ ಇದೆ?

ಆದ್ದರಿಂದ ನನ್ನ ಕೋರಿಕೆಗಳು ಇವು.

ಮೊದಲನೆಯದು, ಪಾರ್ಕು, ಕೆರೆ ಏರಿ, ಕೋಟೆ ಬಯಲು, ಹಳೇ ದೇವಸ್ಥಾನದ ಆವರಣ, ಇಲ್ಲೆಲ್ಲ ಮೆಟಲ್ ಡಿಟೆಕ್ಟರ್ ಬಳಸುವಂತಿಲ್ಲ, ಅಗೆಯುವಂತಿಲ್ಲ ಅಂತ ಸ್ಪಷ್ಟವಾದ ಒಂದು ಆದೇಶ ಹೊರಡಿಸಿ. ಪಾರ್ಕುಗಳು ನಿಮ್ಮ ಇಲಾಖೆಗೆ ಸೇರಿದವಲ್ಲ, ನಗರಸಭೆ, ಪುರಸಭೆ, ತೋಟಗಾರಿಕೆಯವರದು ಅಂತ ಗೊತ್ತು. ಅದಕ್ಕೇ ಈ ಪತ್ರ ಜಿಲ್ಲಾಧಿಕಾರಿಗಳಿಗೂ. ಒಂದು ಬೋರ್ಡ್, ಕನ್ನಡದಲ್ಲಿ, ಕಾಣುವ ಜಾಗದಲ್ಲಿ. ಅದರ ಕೆಳಗೆ ಒಂದು ಫೋನ್ ನಂಬರ್. ವಾಚ್‌ಮನ್‌ಗಳಿಗೆ ಅರ್ಧ ದಿನ ಕೂರಿಸಿ ಹೇಳಿಕೊಡಿ, ಅವರು ಬುದ್ಧಿವಂತರೇ, ಹೇಳಿದರೆ ಮಾಡುತ್ತಾರೆ.

ಆ ಫೋನ್ ನಂಬರ್ ನಿಜವಾಗಲೂ ಯಾರಾದರೂ ಎತ್ತುವ ನಂಬರ್ ಆಗಿರಲಿ. ಜಿಲ್ಲೆಗೊಬ್ಬ ಅಧಿಕಾರಿಯ ಹೆಸರಿಗೆ ಈ ಕೆಲಸ ಹಚ್ಚಿ. ವಾಟ್ಸಾಪಿನಲ್ಲಿ ಫೋಟೋ, ಜಾಗದ ಲೊಕೇಶನ್ ಕಳಿಸಿದರೆ ತಲುಪಿತು ಅಂತ ಉತ್ತರ ಬರಲಿ. ಒಂದು ಪುಟದ ಫಾರಂ ಸಾಕು: ಎಲ್ಲಿ, ಯಾವಾಗ, ಎಷ್ಟು ಆಳದಲ್ಲಿ, ಜೊತೆಗೆ ಮಡಕೆ ಚೂರು, ಇಟ್ಟಿಗೆ ಏನಾದರೂ ಇತ್ತಾ. ನಾಣ್ಯ ತಗೊಂಡ ಜಾಗದಲ್ಲೇ ಫೋಟೋ ಅಂಟಿಸಿದ ರಸೀದಿ ಕೊಡಿ. ಈ ರಸೀದಿ ಬಹಳ ಮುಖ್ಯ ಸಾರ್. ಕೊಟ್ಟದ್ದು ಕಚೇರಿಯಲ್ಲೇ ಮಾಯವಾಗುತ್ತದೆ ಅನ್ನುವ ಅನುಮಾನ ಜನಕ್ಕೆ ಇದೆ, ಅದು ತಪ್ಪು ಅಂತ ತೋರಿಸಲು ರಸೀದಿ ಒಂದೇ ದಾರಿ.

ತಾನಾಗಿಯೇ ಬಂದು ಕೊಟ್ಟವನ ಮೇಲೆ ಕೇಸ್ ಇಲ್ಲ ಅಂತ ಬರವಣಿಗೆಯಲ್ಲಿ ಹೇಳಿ. ಮೂವತ್ತು ದಿನವೋ ಅರವತ್ತು ದಿನವೋ ಗಡುವು ನೀವೇ ಇಡಿ. ಈಗಾಗಲೇ ಮನೆಗಳಲ್ಲಿ, ದೇವರ ಪೆಟ್ಟಿಗೆಗಳಲ್ಲಿ ಇರುವ ನಾಣ್ಯಗಳಿಗೂ ಒಂದು ಸಲ ಅವಕಾಶ ಕೊಡಿ. ಕಿತ್ತುಕೊಳ್ಳುವುದಕ್ಕಲ್ಲ. ತೂಗಿ, ಫೋಟೋ ತೆಗೆದು, ಸಿಕ್ಕ ಊರು ಬರೆದುಕೊಂಡು, ಅಜ್ಜ ಅಜ್ಜಿಯರಿಗೆ ವಾಪಸ್ ಕೊಡುವುದಕ್ಕೆ. ಲಕ್ಷ್ಮೀ ಪೂಜೆಗೆ ಇಡುವ ಬೆಳ್ಳಿ ರೂಪಾಯಿಯನ್ನು ಸರ್ಕಾರ ತಗೊಂಡು ಹೋಗುತ್ತದೆ ಅಂತ ಒಂದು ಸುದ್ದಿ ಹಬ್ಬಿದರೆ ಸಾಕು, ಆಮೇಲೆ ಯಾರೂ ಬರುವುದಿಲ್ಲ.

ಬಹುಮಾನದ ಲೆಕ್ಕ ಬದಲಾಗಬೇಕು. ಸೀಸದ ನಾಣ್ಯಕ್ಕೆ ಸೀಸದ ಬೆಲೆ ಅನ್ನುವ ಕಾಲ ಹೋಯಿತು. ತಜ್ಞರು ಮಹತ್ವ ನೋಡಿ ಬೆಲೆ ಕಟ್ಟಲಿ, ಇಷ್ಟು ತಿಂಗಳಲ್ಲಿ ಕೊಡುತ್ತೇವೆ ಅಂತ ನಿಗದಿ ಇರಲಿ. ದುಡ್ಡು ಕೊಡಲಾಗದ ಸಣ್ಣ ನಾಣ್ಯಕ್ಕೆ ಒಂದು ಪ್ರಮಾಣಪತ್ರ, ಜಿಲ್ಲಾ ಮ್ಯೂಸಿಯಮ್ಮಿನ ಚೀಟಿಯ ಮೇಲೆ ಸಿಕ್ಕವರ ಹೆಸರು. ನಮ್ಮ ಜನಕ್ಕೆ ಹೆಸರಿನ ಆಸೆ ಇಲ್ಲವೇ? ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೂ ಹೆಸರು ಬರೆಸುತ್ತೇವೆ.

ಟೆಂಡರ್ ಕರೆಯುವಾಗಲೇ ಒಂದು ಷರತ್ತು ಹಾಕಿ. ಹಳೇ ಕೋಟೆ, ಪೇಟೆ, ಕೆರೆಗಳಲ್ಲಿ ಅಗೆಯುವಾಗ ನಾಣ್ಯ, ಮಡಕೆ, ಕಲ್ಲು ಸಿಕ್ಕರೆ ಆ ತುದಿಯ ಕೆಲಸ ನಿಲ್ಲಿಸಿ ತಿಳಿಸಬೇಕು, ಆ ದಿನಗಳ ಕೂಲಿ ತಪ್ಪಬಾರದು. ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹಾಕಿದರೆ ಏನೂ ಪ್ರಯೋಜನವಿಲ್ಲ.

ಆನ್‌ಲೈನಿನಲ್ಲಿ ಡಿಟೆಕ್ಟರ್ ಮಾರುವವರು ಡಬ್ಬದ ಮೇಲೆ ನಮ್ಮ ಕಾಯ್ದೆಯ ಎರಡು ಸಾಲು ಅಚ್ಚು ಹಾಕುವ ಹಾಗೆ ಮಾಡಬಹುದಾ ಅಂತಲೂ ನೋಡಿ. ಇದು ರಾಜ್ಯದ ಕೈಯಲ್ಲಿ ಪೂರ್ತಿ ಇಲ್ಲದಿರಬಹುದು, ಕೇಂದ್ರಕ್ಕೆ ಒಂದು ಪತ್ರವನ್ನಂತೂ ಬರೆಯಬಹುದು.

ಇದೆಲ್ಲ ಸರಿಯಾಗಿ ನಡೆದ ಮೇಲೆ, ಒಂದೆರಡು ವರ್ಷ ಬಿಟ್ಟು, ಆ ಪಾರ್ಕಿನ ಹುಡುಗರಂಥವರನ್ನೇ ಕರೆದು ತರಬೇತಿ ಕೊಟ್ಟು, ನಿಮ್ಮ ಉತ್ಖನನಗಳಲ್ಲಿ, ಹೊರಹಾಕಿದ ಮಣ್ಣಿನ ಗುಡ್ಡೆಗಳಲ್ಲಿ ಅವರ ಯಂತ್ರವನ್ನು ಬಳಸಿಕೊಳ್ಳಬಹುದು. ಇಲ್ಲಿ ಕೆಲವು ಕಡೆ ಹಾಗೆ ಮಾಡುತ್ತಾರೆ, ಕಣ್ಣಿಗೆ ತಪ್ಪಿದ ಸಣ್ಣ ನಾಣ್ಯ ಆ ಮಣ್ಣಿನಲ್ಲಿ ಸಿಗುತ್ತದೆ. ಅವರಿಗೆ ಆಸಕ್ತಿ ಇದೆ, ಬೆಳಗ್ಗೆ ಐದಕ್ಕೆ ಎದ್ದು ಬರುವ ಹುಮ್ಮಸ್ಸಿದೆ. ಇಂಗ್ಲೆಂಡಿನ ಫಾರಂ, ರಸೀದಿಯ ಮಾದರಿ, ಹವ್ಯಾಸಿಗಳಿಗೆ ಕೊಡುವ ನಡವಳಿಕೆಯ ನಿಯಮ ಇವನ್ನೆಲ್ಲ ಕನ್ನಡಕ್ಕೆ ಮಾಡಿಕೊಡಲು ನಾನು ತಯಾರಿದ್ದೇನೆ, ದುಡ್ಡು ಬೇಡ.

ಈ ಪತ್ರಕ್ಕೆ "ಪರಿಶೀಲಿಸಲಾಗುವುದು" ಅನ್ನುವ ಉತ್ತರ ಬಂದರೆ ನನಗೆ ಬೇಜಾರಿಲ್ಲ, ಅದು ಸಾಮಾನ್ಯವಾಗಿ ಬರುವ ಉತ್ತರವೇ. ಆದರೆ ಅದರ ಜೊತೆಗೆ ಒಂದೇ ಒಂದು ವಿಷಯ ತಿಳಿಸಿ. ನಾಳೆ ಬೆಳಗ್ಗೆ ನಮ್ಮೂರಿನ ಪಾರ್ಕಿನಲ್ಲಿ ಯಾರಿಗಾದರೂ ಒಂದು ನಾಣ್ಯ ಸಿಕ್ಕರೆ, ಅವರು ಯಾವ ನಂಬರಿಗೆ ಫೋನ್ ಮಾಡಬೇಕು?

ಇಂತಿ,
ದುರ್ಗದ ಕಡೆಯ ಒಬ್ಬ ನಾಣ್ಯಪ್ರೇಮಿ